ಮಂಗಲವಾಗದ ಪುರಾಣ

ನಮ್ಮ ಮನೆಯ ನೆಲ ನನಗೆ ಕಣ್ಣಿಗಿಂತ ಹೆಚ್ಚಾಗಿ ಕಿವಿಗೆ ನೆನಪಿದೆ. ಶಹಾಬಾದಿನಲ್ಲಿ ಕಲ್ಲಿಗೇನು ಬರ? ನೆಲಕ್ಕೆ ಫರಸಿ, ಛಾವಣಿಗೆ ಫರಸಿ, ಪಾತ್ರೆ ಜೋಡಿಸುವ ಗೂಡಿಗೆ ಫರಸಿ, ಅಂಗಳದ ಬೇಲಿಗೂ ನಿಲ್ಲಿಸಿದ ಫರಸಿ. ಬಚ್ಚಲಿಗೆ ಹೋದರೂ ಅದೇ ಬೂದುಬಣ್ಣದ ಚಪ್ಪಡಿ, ದೇವರ ಜಗಲಿಯ ಮುಂದೆ ಕುಳಿತರೂ ಅದೇ. ಆದರೆ ಒಂದೊಂದರ ದನಿ ಬೇರೆ. ಹೊಸ್ತಿಲು ದಾಟಿದ ಕೂಡಲೇ ಸಿಗುವ ಕಲ್ಲು ಕಾಲಿಟ್ಟರೆ ಟಣ್ ಎನ್ನುತ್ತಿತ್ತು. ಪಡಸಾಲೆಯ ನಡುವಿನದು ಮಾತೇ ಆಡುತ್ತಿರಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ, ಜೋಳದ ಚೀಲಗಳ ಮಗ್ಗುಲಿಗಿದ್ದ ಸಣ್ಣ ಕಲ್ಲೊಂದು ಮಾತ್ರ ಸಡಿಲಾದ ಹಲ್ಲಿನ ಹಾಗೆ ಡಬಡಬ ಅಲ್ಲಾಡುತ್ತಿತ್ತು. ಅದನ್ನು ಸರಿಮಾಡಿರೆಂದು ಅವ್ವ ಹೇಳಿ ಹೇಳಿ ಸೋತಿದ್ದಳು. ಬೇಸಿಗೆಯ ಮಧ್ಯಾಹ್ನ ಊಟವಾದ ಮೇಲೆ ನಾನು ಪಡಸಾಲೆಯ ಕಲ್ಲಿನ ಮೇಲೆ ನೀರು ಚಿಮುಕಿಸಿ, ಕೆನ್ನೆಯಿಟ್ಟು ಮಲಗುತ್ತಿದ್ದೆ. ವಾಡಿಯ ಕಡೆ ಹೋಗುವ ಗೂಡ್ಸ್ ಗಾಡಿಯ ನಡುಕ ಕಲ್ಲಿನೊಳಗಿಂದ ಹರಿದು ಬಂದು ಕೆನ್ನೆಗೆ ತಾಗುತ್ತಿತ್ತು. ಗಾಡಿ ಹೋದಮೇಲೂ ಅದು ಸ್ವಲ್ಪ ಹೊತ್ತು ಅಲ್ಲೇ ಇರುತ್ತಿತ್ತು. ಆ ನಡುಕದಲ್ಲೇ ನನಗೆ ನಿದ್ದೆ ಹತ್ತುತ್ತಿತ್ತು.

ಅಪ್ಪನಿಗೆ ಆ ದನಿಗಳೆಲ್ಲ ಬಾಯಿಪಾಠ. ಅವನ ಹೆಸರು ಶರಣಪ್ಪ, ಖಣಿಯಲ್ಲಿ ಫರಸಿ ಎಬ್ಬಿಸುವ ಕೆಲಸ. ನಮ್ಮ ಕಡೆ ಕಲ್ಲು ನೆಲದೊಳಗೆ ಪದರ ಪದರವಾಗಿ ಮಲಗಿರುತ್ತದೆ. ಹಾರೆ ಹಾಕುವ ಮೊದಲು ಅಪ್ಪ ಸುತ್ತಿಗೆಯಿಂದ ಅಲ್ಲಲ್ಲಿ ಮೆಲ್ಲಗೆ ತಟ್ಟಿ, ತಲೆ ಓರೆಮಾಡಿ ಕೇಳುತ್ತಿದ್ದ. ಒಳಗೆ ಬಿರುಕಿದ್ದರೆ, ಟೊಳ್ಳಿದ್ದರೆ ಅವನ ಕಿವಿಗೆ ತಿಳಿದುಬಿಡುತ್ತಿತ್ತು. ಎಬ್ಬಿಸಿದ ಕಲ್ಲು ಸರಿಯಿದ್ದರೆ ಲಾರಿಗೆ. ಮೂಲೆ ಮುರಿದಿದ್ದರೆ, ಗೀರು ಬಿದ್ದಿದ್ದರೆ ಕೆಮ್ಮಣ್ಣಿನಲ್ಲಿ ಬೆರಳದ್ದಿ ಅಡ್ಡಡ್ಡ ಎರಡು ಗೆರೆ ಎಳೆಯುತ್ತಿದ್ದ. ಅದಕ್ಕೆ ಕಾಟು ಎನ್ನುತ್ತಿದ್ದರು. ಕಾಟು ಬಿದ್ದದ್ದು ಲಾರಿ ಹತ್ತುವಂತಿಲ್ಲ, ಕೆಲಸದವರು ಬೇಕಾದರೆ ಮನೆಗೆ ಒಯ್ಯಬಹುದು. ನಮ್ಮ ಮನೆ ಕಟ್ಟಿದ್ದೇ ಅಂಥ ಕಲ್ಲುಗಳಿಂದ. ಯಾವ ಚಪ್ಪಡಿ ಎತ್ತಿ ನೋಡಿದರೂ ಕೆಳಗೆ ಅಪ್ಪನ ಬೆರಳಿನ ಕೆಂಪು ಕಾಟು ಇರುತ್ತಿತ್ತು. ಸಿಟ್ಟು ಬಂದ ದಿನ ಅವ್ವ ಅದನ್ನೇ ಎತ್ತಿ ಆಡುತ್ತಿದ್ದಳು.

"ಮಂದಿಗಿ ಛಲೋ ಕಲ್ಲು, ನಮಗ ಕಾಟಿನ ಕಲ್ಲು. ನಾನೂ ಹಂಗೇ ಬಂದೀನಿ ಅಂತ ತಿಳ್ಕೊಂಡೀರೇನು?"

"ಕಾಟು ಬಿದ್ದದ್ದು ಮನ್ಯಾಗ ಉಳಿತದ," ಅನ್ನುತ್ತಿದ್ದ ಅಪ್ಪ. "ಛಲೋ ಅಂದದ್ದು ಯಾರ ಮನಿಗಿ ಹೋಗ್ತದೋ ಯಾರ ಬಲ್ಲರು?"

ಇಂಥ ಮನೆಗೆ ಆ ಪುಸ್ತಕ ಬಂತು. ನನಗಾಗ ಹತ್ತೋ ಹನ್ನೊಂದೋ. ಅಪ್ಪ ಏನೋ ಕೆಲಸಕ್ಕೆ ವಾಡಿ ಜಂಕ್ಷನ್ನಿಗೆ ಹೋಗಿದ್ದವನು ಗಾಡಿಗೆ ಕಾಯುತ್ತ ಬೆಂಚಿನ ಮೇಲೆ ಕುಳಿತಾಗ, ಪಕ್ಕದಲ್ಲಿ ಯಾರೋ ಬಿಟ್ಟುಹೋದ ಪುಸ್ತಕ ಕಂಡಿತಂತೆ. ಯಾರಾದರೂ ಕೇಳಿಕೊಂಡು ಬರಬಹುದೆಂದು ಎರಡು ಗಾಡಿ ಬಿಟ್ಟು ಕಾದನಂತೆ. ಯಾರೂ ಬರಲಿಲ್ಲ. ರಟ್ಟು ಇರಲಿಲ್ಲ, ಮೊದಲ ಹಾಳೆಗಳೂ ಇರಲಿಲ್ಲ. ಪುಸ್ತಕದ ಹೆಸರೇನು, ಬರೆದವರು ಯಾರು, ಇವತ್ತಿಗೂ ನನಗೆ ತಿಳಿಯದು. ಉಳಿದ ಮೊದಲ ಪುಟದಲ್ಲಿ ಒಬ್ಬ ನೇಕಾರ ನಸುಕಿನಲ್ಲಿ ಎದ್ದು, ಹೊತ್ತಿಸದ ಪಣತಿಯೊಂದನ್ನು ಕೈಯಲ್ಲಿ ಹಿಡಿದು ಮನೆಬಿಟ್ಟು ಹೊರಡುತ್ತಿದ್ದ. ಎಂದೂ ಆರದ ಬೆಳಕು ನದಿಯಾಚೆ ಎಲ್ಲೋ ಇದೆ, ಅಲ್ಲಿಂದಲೇ ಈ ಪಣತಿ ಹೊತ್ತಿಸಿಕೊಳ್ಳಬೇಕು ಎಂಬುದು ಅವನ ಹಟ. ಅಪ್ಪ ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು ಎರಡು ಪುಟ ಓದಿದ. ಆಯಿ, ಅಂದರೆ ಅಪ್ಪನ ತಾಯಿ, ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿ ಕೇಳಿದಳು. ಬೆಳಕು, ನದಿ, ಮನೆ ಬಿಟ್ಟವನು: ಇಷ್ಟು ಸಾಕಾಯಿತು ಅವಳಿಗೆ.

"ಇದು ಯಾರೋ ದೊಡ್ಡ ಮಹಾತ್ಮರ ಪುರಾಣ ಅದ ಬಾಬಾ. ಕಾಲಾಗ ಇಡಬ್ಯಾಡ. ಶ್ರಾವಣ ಬಂತು, ಮನ್ಯಾಗೇ ಓದ್ಲಿಕ್ಕ ಹಚ್ಚು."

ಹೀಗೆ ಒಂದು ಕಾದಂಬರಿ ನಮ್ಮ ಮನೆಯಲ್ಲಿ ಪುರಾಣವಾಯಿತು. ಶ್ರಾವಣದ ಮೊದಲ ದಿನ ಅದಕ್ಕೆ ವಿಭೂತಿ ಹಚ್ಚಿ, ಹೂ ಏರಿಸಿ, ಮಡಿ ವಸ್ತ್ರ ಹಾಸಿದ ಮಣೆಯ ಮೇಲಿಟ್ಟರು. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅಪ್ಪ ಓದಬೇಕು, ನಾವು ಮೂವರು ಹೆಂಗಸರು ಕೇಳಬೇಕು. ಊಟ ಆಮೇಲೆ. ಹಿಂದಿನ ಓಣಿಯ ನಾಗಸೇನ ಮಾಸ್ತರು ಒಮ್ಮೆ ಹೀಗೇ ಬಂದವರು ಸುಮ್ಮನೆ ಒಂದು ಅಧ್ಯಾಯ ಕೇಳಿದರು. ಅವರ ಮನೆಯ ಗೋಡೆಯ ಮೇಲೆ ಕಣ್ಣು ಮುಚ್ಚಿ ಕುಳಿತ ಬುದ್ಧನ ದೊಡ್ಡ ಪಟವಿತ್ತು. ಆ ಪಟ ನೋಡಲೆಂದೇ ನಾನು ಲೆಕ್ಕದ ನೆಪ ಮಾಡಿಕೊಂಡು ಅವರಲ್ಲಿಗೆ ಹೋಗುತ್ತಿದ್ದೆ. ಓದು ಮುಗಿದಾಗ ಮಾಸ್ತರು ಪುಸ್ತಕ ತಿರುವಿಹಾಕಿ ನಕ್ಕರು.

"ಶರಣಪ್ಪ, ಇದು ಪುರಾಣ ಅಲ್ರಿ. ಕಾದಂಬರಿ. ಯಾರೋ ಕುಂತು ಕಟ್ಟಿದ ಕತಿ."

"ಅಂದ್ರ ಸುಳ್ಳೇನ್ರಿ ಮಾಸ್ತರ?"

"ಸುಳ್ಳಂತಲ್ರಿ. ಹಿಂಗ ಒಬ್ಬಾಂವ ನೇಕಾರ ಇರಲಿಲ್ಲ, ಖರೆ. ಆದ್ರ ಅಂವ ಹುಡುಕೋದು ಏನದ, ಅದು ಸುಳ್ಳಲ್ಲ. ಪಣತಿ ಅಂದ್ರ ಖಾಲಿ ಪಣತಿ ಅಲ್ರಿ. ಅದರ ಹಿಂದ ಮತ್ತೊಂದು ಅರ್ಥ ಇರ್ತದ."

ಅಪ್ಪ ಪುಸ್ತಕವನ್ನು ತಿರುಗಿ ಕೈಗೆ ತೆಗೆದುಕೊಂಡ. ಆಮೇಲೆ ಮುಖ ಅರಳಿತು.

"ಅಂದ್ರ ಫರಸಿ ಇದ್ದಂಗ. ಮ್ಯಾಲೊಂದು ಪದರ, ಕೆಳಗೊಂದು ಪದರ. ತಟ್ಟಿ ನೋಡಬೇಕು."

ಸೇಡಂನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ನಾನು ಮಕ್ಕಳಿಗೆ ಕನ್ನಡ ಕಲಿಸಿದೆ. ಸಂಕೇತ ಎಂದರೇನು ಎಂಬ ಪ್ರಶ್ನೆಗೆ ಗೈಡಿನಲ್ಲಿ ನಾಲ್ಕು ಸಾಲಿನ ಉತ್ತರವಿರುತ್ತದೆ, ಅದನ್ನು ಕಂಠಪಾಠ ಮಾಡಿ ಒಪ್ಪಿಸಿದವರ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. ಅಪ್ಪನ ಆ ಒಂದು ಮಾತಿಗಿಂತ ಒಳ್ಳೆಯ ಉತ್ತರ ನಾನು ಯಾವ ಗೈಡಿನಲ್ಲೂ ಕಾಣಲಿಲ್ಲ. ಆವತ್ತಿನಿಂದ ಅವನು ಓದುವ ರೀತಿಯೇ ಬದಲಾಯಿತು. ಒಂದು ಸಾಲು ಓದುವುದು, ನಿಲ್ಲುವುದು, ತಲೆ ಓರೆಮಾಡುವುದು. ಖಣಿಯಲ್ಲಿ ಕಲ್ಲಿಗೆ ಕಿವಿಗೊಡುವ ಅದೇ ಭಂಗಿ. ನೇಕಾರ ದಾರಿಯಲ್ಲಿ ಹಗ್ಗವಿಲ್ಲದ ಬಾವಿಯ ಬಳಿ ಬರುತ್ತಾನೆ, ಬಾಯಾರಿ ಮೂರು ದಿನ ಕೂರುತ್ತಾನೆ. ಮುಂದೆ ಒಬ್ಬ ಮುದುಕಿ ಕಾಳಿಲ್ಲದ ಬೀಸುಕಲ್ಲನ್ನು ಬೀಸುತ್ತಿರುತ್ತಾಳೆ, ಏನು ಬೀಸುತ್ತಿ ಎಂದು ಕೇಳಿದರೆ ಹಗಲನ್ನು ಎನ್ನುತ್ತಾಳೆ. ಅಪ್ಪ ಬಾವಿಗೆ ಒಂದು ಅರ್ಥ ಹೇಳಿದ, ಬೀಸುಕಲ್ಲಿಗೆ ಇನ್ನೊಂದು. ಬಾವಿ ಅಂದರೆ ನಮ್ಮ ಮನಸ್ಸು, ಹಗ್ಗ ಅಂದರೆ ಗುರು. ಆಯಿ ಕೈಮುಗಿದಳು. ಅವ್ವ ಮಾತ್ರ ತೊಗರಿಬೇಳೆಯ ಹರಳು ಆರಿಸುತ್ತಲೇ ಅಂದಳು:

"ಮೂರು ದಿನ ಬಾಯಾರಿ ಕುಂತನಂತ. ಹತ್ತಿರ ಊರಾಗ ಹೋಗಿ ಒಂದು ಹಗ್ಗ ಕೇಳಲಿಕ್ಕ ಏನಾಗಿತ್ತು ಅವಗ?"

ನಾನು ನಕ್ಕೆ. ಆಯಿ ಗದರಿಸಿದಳು. ಅಪ್ಪ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಅವನು ಅಲ್ಲಿ ಇರಲೇ ಇಲ್ಲ, ಬಾವಿಯ ಬಳಿ ಇದ್ದ. ಆ ದಿನಗಳಲ್ಲಿ ನನಗೂ ಹಾಗೇ ಆಗುತ್ತಿತ್ತು. ಮಧ್ಯಾಹ್ನ ಕಲ್ಲಿನ ಮೇಲೆ ಮಲಗಿ ಅರೆನಿದ್ದೆಯಲ್ಲಿ ಕಣ್ಣು ತೆರೆದರೆ ನೇಕಾರ ನಮ್ಮ ಹೊಸ್ತಿಲ ಮೇಲೆ ಕುಳಿತಿರುತ್ತಿದ್ದ, ಪಣತಿಯನ್ನು ತೊಡೆಯ ಮೇಲಿಟ್ಟುಕೊಂಡು. ಅವ್ವ ಅವನಿಗೆ ಬಿಸಿ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಕೊಡುತ್ತಿದ್ದಳು. ಅವನು ತಲೆ ತಗ್ಗಿಸಿ ತಿನ್ನುತ್ತಿದ್ದ. ಮುಖ ನೋಡಬೇಕೆಂದು ನಾನು ಹತ್ತಿರ ಹೋಗುವಷ್ಟರಲ್ಲಿ ಗಾಡಿಯ ನಡುಕ ಬಂದು ಎಚ್ಚರವಾಗುತ್ತಿತ್ತು.

ಅಪ್ಪ ಮೊದಲು ಬಿಟ್ಟದ್ದು ಉಪ್ಪು. ನೇಕಾರನೂ ಬಿಟ್ಟಿದ್ದ. ಅವ್ವ ಅವನೊಬ್ಬನಿಗೇ ಉಪ್ಪಿಲ್ಲದ ಬೇಳೆ ಬೇರೆ ಗಡಿಗೆಯಲ್ಲಿ ಮಾಡಿ, ಅವನು ತಿನ್ನುವಾಗ ಎದುರಿಗೇ ಕುಳಿತು ಮುಖ ನೋಡುತ್ತಿದ್ದಳು. ಒಂದು ತುತ್ತಿಗಾದರೂ ಮುಖ ಕಿವಿಚಿದರೆ ಗೆದ್ದಂತೆ. ಅವನು ಕಿವಿಚಲಿಲ್ಲ. ಆಮೇಲೆ ಹಾಸಿಗೆ ಬಿಟ್ಟು ಅಂಗಳದ ಕಟ್ಟೆಯ ಮೇಲೆ ಮಲಗತೊಡಗಿದ. ಸೊಂಟದ ಬೆಳ್ಳಿ ಉಡದಾರ ಬಿಚ್ಚಿ ಆಯಿಯ ಕೈಗೆ ಕೊಟ್ಟ. ಇಸ್ಪೀಟು, ಬೀಡಿ, ಖಣಿಯ ಗೆಳೆಯರ ಹರಟೆ ಎಲ್ಲ ಒಂದೊಂದಾಗಿ ಹೋದವು. ಇದೆಲ್ಲ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಅವ್ವನಿಗೆ ನಮ್ಮೆಲ್ಲರಿಗಿಂತ ಮೊದಲೇ ಗೊತ್ತಾಗಿತ್ತು. ಒಂದು ಬೆಳಗ್ಗೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ಕೇಳಿಯೇಬಿಟ್ಟಳು. ನಾನು ಒಲೆಯ ಮುಂದೆ ಕುಳಿತಿದ್ದೆ.

"ಏನ್ ನಡಿಸೀರಿ ನೀವು? ಬಾಯಿ ಬಿಟ್ಟು ಹೇಳ್ರಿ."

"ಪುರಾಣ ಮಂಗಲ ಆತಂದ್ರ ನಾ ಹೊಂಟೆ ನೋಡು."

"ಎಲ್ಲಿಗಿ?"

"ಅಂವ ಎಲ್ಲಿಗಿ ಹೋದ್ನೋ ಅಲ್ಲಿಗಿ."

"ಅಂವ ಎಲ್ಲಿಗಿ ಹೋದ್ನೋ ನಿಮಗರ ಎಲ್ಲಿ ಗೊತ್ತದ? ಇನ್ನಾ ಪುಸ್ತಕೇ ಮುಗಿದಿಲ್ಲ!" ಎಂದು ಶುರುಮಾಡಿದವಳ ದನಿ ನಡುವೆಯೇ ಒಡೆಯಿತು. "ನಾ ಏನ್ ತಪ್ಪ ಮಾಡೀನಿ, ಅದನ್ನರ ಹೇಳ್ರಿ."

"ನಿಂದೇನೂ ತಪ್ಪಿಲ್ಲ. ಅದೇ ತ್ರಾಸು ನೋಡು. ತಪ್ಪಿದ್ದಿದ್ರ ಹೋಗೂದು ಹಗುರ ಆಗ್ತಿತ್ತು."

ಹಂಚಿನ ಮೇಲಿನ ರೊಟ್ಟಿ ಕರಿದಾಗಿ ಹೊಗೆ ಬಂತು. ಯಾರೂ ತೆಗೆಯಲಿಲ್ಲ. ಕೊನೆಗೆ ನಾನೇ ಕೈ ಸುಟ್ಟುಕೊಂಡು ತೆಗೆದೆ. ಅಪ್ಪನ ಮೇಲೆ ನನಗೆ ಆ ಕ್ಷಣ ಬಂದ ಸಿಟ್ಟು ಎಂಥದೆಂದರೆ, ಅವನು ಸತ್ತರೂ ಸರಿ, ಹೋಗಬಾರದು ಅನ್ನಿಸಿತು. ಸಾವೆಂದರೆ ಏನೆಂದು ಗೊತ್ತಿಲ್ಲದ ವಯಸ್ಸು. ಆಯಿ ಮಗನ ಪರವೋ ಸೊಸೆಯ ಪರವೋ ತಿಳಿಯದ ಹಾಗೆ ಒಂದೇ ಮಾತು ಹೇಳಿ ಮುಗಿಸಿದಳು.

"ಪುರಾಣ ಹಚ್ಚಿದಾಂವ ಮಂಗಲ ಆಗೋತನ ಸೀಮಿ ದಾಟಂಗಿಲ್ಲ. ಆಮ್ಯಾಲಿನ ಮಾತು ಆಮ್ಯಾಲ."

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿದ್ದ ಕಟ್ಟಳೆ. ಹಚ್ಚಿದ ಪುರಾಣವನ್ನು ಕೊನೆಯ ಅಕ್ಷರದವರೆಗೆ ಓದಬೇಕು. ಆಮೇಲೆ ಕಾಯಿ ಒಡೆದು, ಆರತಿ ಬೆಳಗಿ ಮಂಗಲ ಹಾಡಬೇಕು, ಗೋಧಿ ಹುಗ್ಗಿ ಮಾಡಿ ಓಣಿಗೆಲ್ಲ ಉಣ್ಣಿಸಬೇಕು. ಅರ್ಧಕ್ಕೆ ನಿಂತ ಪುರಾಣ ಮನೆಗೆ ಒಳ್ಳೆಯದಲ್ಲ, ಅದನ್ನು ಬಿಟ್ಟು ಏಳುವವನಿಗೂ ಒಳ್ಳೆಯದಲ್ಲ. ಅಪ್ಪ ದೇವರಿಗೆ ಅಂಜುತ್ತಿದ್ದನೋ ಇಲ್ಲವೋ, ಆಯಿಯ ಮಾತಿಗೆ ಅಂಜುತ್ತಿದ್ದ. ಹಾಗಾಗಿ ನಮ್ಮ ಮನೆಯ ಭವಿಷ್ಯವೆಲ್ಲ ಆ ಪುಸ್ತಕದ ಬಲಗಡೆಯಲ್ಲಿತ್ತು. ದಿನದಿನಕ್ಕೂ ಆ ಕಡೆಯ ಹಾಳೆಗಳು ತೆಳ್ಳಗಾಗುತ್ತಿದ್ದವು. ಓದು ಮುಗಿದ ಮೇಲೆ ಅಪ್ಪ ನವಿಲುಗರಿ ಇಟ್ಟು ಮುಚ್ಚಿದಾಗ ಅವ್ವನ ಕಣ್ಣು ಆ ಗರಿಯ ಮೇಲೇ ಇರುತ್ತಿತ್ತು. ಓದು ಬಾರದವಳು, ಪುಸ್ತಕ ಎಷ್ಟು ಉಳಿದಿದೆ ಎಂಬುದು ನನಗಿಂತ ಚೆನ್ನಾಗಿ ಅವಳಿಗೆ ತಿಳಿದಿತ್ತು.

ಮಂಗಲಕ್ಕೆ ಒಂದು ದಿನ ಉಳಿದಾಗ ಗೋಧಿ ನೆನೆಯಿಟ್ಟಿದ್ದರು. ಮಧ್ಯಾಹ್ನ. ಅಪ್ಪ ಖಣಿಯಲ್ಲಿ, ಅವ್ವ ಆಯಿ ಇಬ್ಬರೂ ಪಡಸಾಲೆಯಲ್ಲಿ ಅಡ್ಡಾಗಿದ್ದರು. ನಾನು ಕಾಲು ತೊಳೆದುಕೊಂಡು ಬಂದು, ಎರಡು ಸಲ ಕೈಮುಗಿದು, ಪುಸ್ತಕದ ಕೊನೆಯ ಪುಟ ತೆರೆದೆ. ಪೂರ್ತಿ ಓದುವ ಧೈರ್ಯ ಆಗಲಿಲ್ಲ. ಕಣ್ಣು ನೇರ ಕೊನೆಯ ಸಾಲುಗಳಿಗೆ ಇಳಿಯಿತು. "ಅವನು ಪಣತಿಯನ್ನು ದಂಡೆಯ ಮೇಲಿಟ್ಟು ನೀರಿಗಿಳಿದನು. ಹಿಂದಿರುಗಿ ನೋಡಲಿಲ್ಲ." ಅಷ್ಟೇ. ಕೆಳಗೆ ಒಂದು ಸಣ್ಣ ಹೂವಿನ ಚಿತ್ರ. ನಾನು ಆ ಹೂವನ್ನೇ ನೋಡುತ್ತ ನಿಂತೆ. ನದಿ ಅಂದರೆ ಏನು, ಪಣತಿ ಅಂದರೆ ಏನು, ಯಾವ ಪದರವೂ ನನಗೆ ಬೇಕಿರಲಿಲ್ಲ. ಹಿಂದಿರುಗಿ ನೋಡದವನು ಮನೆಗೆ ಬರುವುದಿಲ್ಲ, ನನಗೆ ತಿಳಿದದ್ದು ಇಷ್ಟೇ. ಕೊನೆಯ ಎರಡು ಹಾಳೆಗಳನ್ನು ಹರಿದೆ. ಹರಿಯುವ ಸದ್ದಿಗೆ ಆಯಿ ಮಗ್ಗುಲಾದಳು, ಏಳಲಿಲ್ಲ. ಅಡುಗೆಮನೆಯ ಮೂಲೆಗೆ ಹೋಗಿ, ಅಲ್ಲಾಡುವ ಆ ಕಲ್ಲನ್ನು ಸೌಟಿನ ಹಿಡಿಯಿಂದ ಮೀಟಿ, ಹಾಳೆಗಳನ್ನು ಮಡಚಿ ಕೆಳಗೆ ತುರುಕಿದೆ. ಕಲ್ಲಿನ ಕೆಳಮೈಯ ಕಾಟು ಬೆರಳಿಗೆ ಹತ್ತಿ ಕೆಂಪಾಯಿತು. ಫ್ರಾಕಿಗೆ ಒರೆಸಿಕೊಂಡೆ.

ಮರುದಿನ ಸಂಜೆ ಮಾಸ್ತರೂ ಬಂದಿದ್ದರು. ಕಾಯಿ, ಕರ್ಪೂರ, ಆರತಿತಟ್ಟೆ ಎಲ್ಲ ಸಿದ್ಧ. ಅವ್ವ ಹೊಸ ಸೀರೆ ಉಟ್ಟಿದ್ದಳು. ಹಣೆಯ ತುಂಬ ಕುಂಕುಮ ಹಚ್ಚಿಕೊಂಡು, ಗೋಡೆಗೆ ಒರಗಿ, ಉಸಿರು ಹಿಡಿದು ಕುಳಿತಿದ್ದಳು. ಅಪ್ಪ ಎಂದಿಗಿಂತ ನಿಧಾನವಾಗಿ ಓದಿದ. ನೇಕಾರ ನದಿಯ ದಂಡೆಗೆ ಬಂದ. ಆಚೆ ದಂಡೆಯಲ್ಲಿ ಏನೋ ಮಿನುಗುತ್ತಿತ್ತು. ಅದು ಬೆಳಕೋ, ನೀರಿನ ಹೊಳಪೋ ಎಂದು ಅವನು ಕಣ್ಣು ಕಿರಿದು ಮಾಡಿ ನೋಡಿದ, ನೋಡಿ, ಎಂಬಲ್ಲಿಗೆ ಪುಟ ಮುಗಿಯಿತು. ಅಪ್ಪ ಹಾಳೆ ತಿರುವಿದ. ಮುಂದೆ ಏನೂ ಇರಲಿಲ್ಲ.

"ಮುಂದ?" ಅಂದಳು ಆಯಿ.

"ಇಲ್ಲ."

"ಇಲ್ಲಂದ್ರ?"

"ಹಾಳೇನೇ ಇಲ್ಲ ಯವ್ವ."

ಮಾಸ್ತರು ಪುಸ್ತಕ ತೆಗೆದುಕೊಂಡು ನೋಡಿದರು. ಇಲಿ ಎಳೆದಿರಬೇಕು ಎಂದಳು ಆಯಿ. ಅಪ್ಪ ಹೊಲಿಗೆಯ ಬಳಿ ಉಳಿದಿದ್ದ ಹರಿದ ಅಂಚಿನ ಮೇಲೆ ಬೆರಳಾಡಿಸುತ್ತ ಕುಳಿತ. ಅವ್ವ ಮೆಲ್ಲಗೆ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ಹುಗ್ಗಿಯ ಪಾತ್ರೆಯ ಮುಂದೆ ನಿಂತು, ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದಳೋ ನಗುತ್ತಿದ್ದಳೋ, ಬೆನ್ನು ನೋಡಿದ ನನಗೆ ಗೊತ್ತಾಗಲಿಲ್ಲ. ಕಾಯಿ ಒಡೆಯಲಿಲ್ಲ, ಮಂಗಲ ಹಾಡಲಿಲ್ಲ. ಹುಗ್ಗಿಯನ್ನು ಮಾತ್ರ, ಮಾಡಿದ್ದು ಕೆಡಬಾರದೆಂದು, ಓಣಿಗೆ ಹಂಚಿದೆವು. ಆಯಿಯೇ ತೀರ್ಪು ಕೊಟ್ಟಳು: ನಿಂತ ಪುರಾಣವನ್ನು ಬರುವ ಶ್ರಾವಣದಲ್ಲಿ ಮೊದಲಿನಿಂದ ಮತ್ತೆ ಹಚ್ಚಬೇಕು, ಅಷ್ಟರಲ್ಲಿ ಉಳಿದ ಹಾಳೆ ಸಿಕ್ಕರೆ ಸಿಗಲಿ.

ಅಪ್ಪ ಹುಡುಕಿದ. ವಾಡಿಗೆ ಹೋಗಿ ಆ ಬೆಂಚಿನ ಸುತ್ತ ನೋಡಿ ಬಂದ. ಹೆಸರು ಗೊತ್ತಿಲ್ಲದ ಪುಸ್ತಕವನ್ನು ಎಲ್ಲಿ ಅಂತ ಕೇಳುವುದೆಂದು ಮಾಸ್ತರೂ ಕೈಚೆಲ್ಲಿದರು. ದೀಪಾವಳಿ ಕಳೆದ ಮೇಲೆ ಒಂದು ದಿನ ಅಪ್ಪ ನನ್ನನ್ನು ಕರೆದ.

"ನಂದಾ, ಬರ್ತಿ ಏನವಾ? ದಂಡೋತಿಗಿ ಹೋಗಿ ಹೊಳಿ ನೋಡಿ ಬರೋಣು. ಪುಸ್ತಕ ಬರದಾಂವ ಹೇಳದಿದ್ರ ಹೊಳಿನೇ ಹೇಳ್ತದೇನೋ."

ಅವ್ವ ನನ್ನ ಜಡೆ ಹೆಣೆಯುತ್ತ ಕಿವಿಯಲ್ಲಿ ಹೇಳಿದಳು, ಕೈ ಬಿಡಬೇಡ ಎಂದು. ಬಸ್ಸಿನಲ್ಲಿ ನಾನು ಅಪ್ಪನ ಬೆರಳನ್ನೇ ಹಿಡಿದು ಕುಳಿತಿದ್ದೆ. ಕಾಗಿಣಾ ಹೊಳೆ ಆಗ ಇಳಿದಿತ್ತು. ನಡುವೆ ಬಂಡೆಗಳು ಮೈ ಕಾಯಿಸುತ್ತ ಬಿದ್ದಿದ್ದವು. ನಾವು ದಂಡೆಯ ಮೇಲೆ ಕುಳಿತೆವು. ಬಿಸಿಲು ನೀರಿನ ಮೇಲೆ ಒಡೆದು ಹರಡಿತ್ತು. ನೋಡುತ್ತ ನೋಡುತ್ತ ನನಗೆ ಯಾವುದು ಪುಸ್ತಕ, ಯಾವುದು ಹೊಳೆ ಎಂಬುದೇ ತಿಳಿಯದಾಯಿತು. ನೇಕಾರ ನಮ್ಮಿಂದ ನಾಲ್ಕು ಮಾರು ದೂರದಲ್ಲಿ ಕಾಲು ಇಳಿಬಿಟ್ಟು ಕುಳಿತು, ನನ್ನ ಕಡೆ ತಿರುಗಿ, ನನ್ನನ್ನು ಯಾವಾಗ ಬಿಡುತ್ತಿ ತಂಗಿ ಎಂದು ಕೇಳಿದ. ಹೆದರಿ ಅಪ್ಪನ ತೋಳಿಗೆ ಮುಖ ಹುದುಗಿಸಿದೆ. ಅಪ್ಪ ಎದ್ದ. ಧೋತರ ಮೇಲಕ್ಕೆ ಕಟ್ಟಿ ನೀರಿಗೆ ಒಂದು ಹೆಜ್ಜೆ ಇಟ್ಟ, ಎರಡು ಹೆಜ್ಜೆ ಇಟ್ಟ. ನಾನು ಕೈ ಬಿಡಲಿಲ್ಲ, ಚಪ್ಪಲಿ ಸಹಿತ ಜೊತೆಗೇ ಇಳಿದೆ. ನನ್ನ ಲಂಗ ನೆನೆದು ಕಾಲಿಗೆ ಸುತ್ತಿಕೊಂಡಿತು. ಅಪ್ಪ ಹಣೆಗೆ ಕೈ ಅಡ್ಡ ಹಿಡಿದು ಆಚೆ ದಂಡೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ನಗತೊಡಗಿದ. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು.

"ನೋಡವಾ ಅಲ್ಲಿ. ಆ ದಂಡ್ಯಾಗೂ ಅರಿಬೀನೇ ಒಗಿಲಿಕತ್ಯಾರ!"

ಹೌದು. ಈಚೆ ದಂಡೆಯಲ್ಲಿ ಹೇಗೋ ಹಾಗೇ ಆಚೆಯೂ ಮೂರು ನಾಲ್ಕು ಹೆಂಗಸರು ಬಂಡೆಗೆ ಬಟ್ಟೆ ಬಡಿಯುತ್ತಿದ್ದರು. ಒಬ್ಬಳು ಯಾರನ್ನೋ ಬೈಯುತ್ತಿದ್ದಳು. ಅಪ್ಪ ನನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ದಂಡೆಗೆ ಬಂದ. ಹೋಟೆಲಿನಲ್ಲಿ ಮಂಡಕ್ಕಿಯ ಸೂಸಲಾ, ಮಿರ್ಚಿ ತೆಗೆದುಕೊಟ್ಟ. ತಾನೂ ತಿಂದ, ಉಪ್ಪಿದ್ದದ್ದನ್ನೇ. ಮನೆಗೆ ಬಂದು ಅವ್ವನ ಮುಂದೆ ಅದನ್ನೇ ಹೇಳಿ ಮತ್ತೊಮ್ಮೆ ನಕ್ಕ. ಅವ್ವ ನನ್ನ ನೆನೆದ ಲಂಗವನ್ನು ಹಿಂಡುತ್ತಿದ್ದಳು.

"ಇದನ್ನ ನೋಡ್ಲಿಕ್ಕ ದಂಡೋತಿಗಿ ಹೋಗಬೇಕಿತ್ತೇನು? ನನಗ ಕೇಳಿದ್ರ ಹೇಳ್ತಿದ್ದಿಲ್ಲೇನು?"

ಆ ಚಳಿಗಾಲ ಅಪ್ಪ ಕಟ್ಟೆ ಬಿಟ್ಟು ಒಳಗೆ ಮಲಗಿದ. ಮುಂದಿನ ವರ್ಷ ತಮ್ಮ ಬಸವರಾಜ ಹುಟ್ಟಿದ. ಆದರೂ ಮಾತು ಮಾತೇ. ಶ್ರಾವಣ ಬಂದ ಕೂಡಲೇ ಪುರಾಣ ಹಚ್ಚುವುದು, ನೇಕಾರನನ್ನು ದಂಡೆಯವರೆಗೆ ತಂದು ನಿಲ್ಲಿಸುವುದು. ಕೊನೆಯ ದಿನ ಅವನು ಮುಂದೆ ಏನು ಮಾಡಿರಬಹುದೆಂದು ಒಬ್ಬೊಬ್ಬರೂ ಹೇಳಬೇಕೆಂಬ ರೂಢಿ ತಾನಾಗಿ ಬೆಳೆಯಿತು. ಆಯಿ ಅವನನ್ನು ಪ್ರತಿ ವರ್ಷ ಪುಷ್ಪಕ ವಿಮಾನದಲ್ಲಿ ಕೂರಿಸಿ ಕಳಿಸುತ್ತಿದ್ದಳು. ಅವ್ವ ವಾಪಸು ಮನೆಗೆ ಕರೆತರುತ್ತಿದ್ದಳು, ಹೆಂಡತಿಯ ಕೈಯಲ್ಲಿ ನಾಲ್ಕು ಬೈಗುಳವನ್ನೂ ತಿನ್ನಿಸುತ್ತಿದ್ದಳು. ಅಪ್ಪ ಮಾತ್ರ ಒಂದು ವರ್ಷ ಹೇಳಿದ್ದನ್ನು ಇನ್ನೊಂದು ವರ್ಷ ಹೇಳುತ್ತಿರಲಿಲ್ಲ. ಒಮ್ಮೆ ಅವನು ಅಲ್ಲೇ ದಂಡೆಯ ಮೇಲೆ ಮಗ್ಗ ಹಾಕಿಕೊಂಡ ಅಂದ. ಮತ್ತೊಮ್ಮೆ, ಪಣತಿಯಲ್ಲಿ ನೀರು ತುಂಬಿಕೊಂಡು ಕುಡಿದ, ಬಾಯಾರಿಕೆ ಹೋಯಿತು, ಅಷ್ಟೇ ಅಂದ. ನನ್ನ ಸರದಿ ಬಂದಾಗ ನಾನೂ ಏನಾದರೊಂದು ಕಟ್ಟಿ ಹೇಳುತ್ತಿದ್ದೆ. ಆ ಮನೆಯಲ್ಲಿ ಕೊನೆ ಗೊತ್ತಿದ್ದವಳು ನಾನೊಬ್ಬಳೇ, ಸುಳ್ಳು ಕೊನೆ ಹೇಳಬೇಕಾದವಳೂ ನಾನೇ ಎಂದುಕೊಂಡಿದ್ದೆ. ಕತೆ ಕಟ್ಟುವ ಚಟ ನನಗೆ ಹತ್ತಿದ್ದು ಹಾಗೆ. ಹಾಳೆಗಳು ಸರಿಯಾಗಿವೆಯೋ ನೋಡೋಣವೆಂದು ಒಮ್ಮೆ ಆ ಕಲ್ಲನ್ನು ಮೀಟಲು ಹೋದೆ. ಅದು ಏಳಲಿಲ್ಲ, ಅಲ್ಲಾಡುವುದನ್ನೂ ನಿಲ್ಲಿಸಿತ್ತು. ಮಳೆಗಾಲದ ತೇವಕ್ಕೆ ಕೂತಿರಬೇಕೆಂದು ಸಮಾಧಾನ ಮಾಡಿಕೊಂಡೆ. ಇನ್ನು ಯಾರ ಕೈಗೂ ಸಿಗುವುದಿಲ್ಲವಲ್ಲ ಎಂದು ಖುಷಿಯೂ ಆಯಿತು.

ಆಯಿ ಹೋದಳು, ನಾಗಸೇನ ಮಾಸ್ತರು ಹೋದರು. ನನ್ನ ಮದುವೆಯಾಯಿತು, ಸೇಡಂನಲ್ಲಿ ನೌಕರಿಯಾಯಿತು. ಶ್ರಾವಣದ ಕೊನೆಯ ದಿನಕ್ಕೆ ಮಾತ್ರ ತಪ್ಪದೆ ಶಹಾಬಾದಿಗೆ ಬರುತ್ತಿದ್ದೆ. ಅಪ್ಪ ತೀರಿಕೊಂಡದ್ದು ಒಂದು ಸಾಧಾರಣ ಮಧ್ಯಾಹ್ನ, ಪಡಸಾಲೆಯ ಕಲ್ಲಿನ ಮೇಲೆ, ಊಟವಾದ ಮೇಲೆ ಅಡ್ಡಾದವನು ಏಳಲಿಲ್ಲ. ಪುಸ್ತಕವನ್ನು ಅವನ ಎದೆಯ ಮೇಲಿಟ್ಟು ಮಣ್ಣು ಮಾಡಿದೆವು. ಮುಷ್ಟಿ ಮಣ್ಣು ಹಾಕುವಾಗ, ಅಪ್ಪಾ ತಪ್ಪಾಯಿತು, ನಿನ್ನ ದಾರಿ ಕಟ್ಟಿದವಳು ನಾನು ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಬೆಳಕು ಹುಡುಕಿ ಹೊರಟವನ ಕಾಲನ್ನು ಹತ್ತು ವರ್ಷದ ಹುಡುಗಿಯ ಭಯ ಹಿಡಿದು ನಿಲ್ಲಿಸಿತು ಎಂಬ ಭಾರ ನನ್ನಲ್ಲೇ ಉಳಿಯಿತು. ಗಂಡನಿಗೂ ಹೇಳಲಿಲ್ಲ.

ಹೋದ ತಿಂಗಳು ಬಸವರಾಜನ ಫೋನು ಬಂತು. ಮನೆಗೆ ಟೈಲ್ಸ್ ಹಾಕಿಸುತ್ತಿದ್ದಾನಂತೆ. ಶಹಾಬಾದಿನಲ್ಲಿ ಕೂತು ಟೈಲ್ಸ್ ಹಾಕಿಸುವವನಿಗೆ ಏನು ಹೇಳುವುದು? ಹಾಗಂದೇ ಬೈದೆ. ಬೈದ ಮೇಲೆ ಮೂಲೆಯ ಆ ಕಲ್ಲು ನೆನಪಾಯಿತು. ಮರುದಿನದ ಮೊದಲ ಬಸ್ಸಿಗೇ ಹೋದೆ. ಪಡಸಾಲೆಯ ಕಲ್ಲುಗಳೆಲ್ಲ ಆಗಲೇ ಎದ್ದು ಅಂಗಳದ ಗೋಡೆಗೆ ಒರಗಿದ್ದವು, ಬಿಸಿಲಿಗೆ ಕೆಳಮೈ ತೋರಿಸಿಕೊಂಡು. ಅಪ್ಪನ ಕಾಟುಗಳು ಇನ್ನೂ ಕೆಂಪಗಿದ್ದವು. ಅವ್ವ ಬೇವಿನ ನೆರಳಿನಲ್ಲಿ ಮಂಚದ ಮೇಲೆ ಕುಳಿತಿದ್ದಳು. ಈಗ ಎಂಬತ್ತು ದಾಟಿದ್ದಾಳೆ. ಕೆಲವು ದಿನ ಎಲ್ಲ ನೆನಪಿರುತ್ತದೆ, ಕೆಲವು ದಿನ ನನ್ನನ್ನೇ ಆಯಿ ಎಂದು ಕರೆಯುತ್ತಾಳೆ. ತಮ್ಮ ಅಡುಗೆಮನೆಯಿಂದ ಹಾರೆ ಹಿಡಿದು ಬೆವರುತ್ತ ಹೊರಗೆ ಬಂದ.

"ಅಕ್ಕಾ, ಎಲ್ಲಾ ಕಲ್ಲು ಬರೇ ಮರಳಿನ ಮ್ಯಾಲ ಕುಂತಾವ, ಸಳಸಳ ಎದ್ದವು. ಮೂಲ್ಯಾಗಿಂದು ಒಂದು ಏಳವಲ್ದು ನೋಡು. ಅಪ್ಪ ಅದೊಂದಕ್ಕೇ ಸುಣ್ಣದ ಗಚ್ಚು ಹಾಕ್ಯಾನ. ಯಾಕಂತ?"

ನಾನು ಅಲ್ಲೇ ಕುಳಿತುಬಿಟ್ಟೆ. ಭೂಮಿಯ ಮೇಲೆ ಯಾರ ಮನೆಯಲ್ಲಾದರೂ ಕಲ್ಲಿನ ಕೆಳಗೆ ಒಂದು ವಸ್ತು ಬಚ್ಚಿಡಬಹುದು. ಹೆಜ್ಜೆಯಿಟ್ಟರೆ ಸಾಕು ಕೆಳಗೆ ಟೊಳ್ಳೋ ಗಟ್ಟಿಯೋ ಎಂದು ಹೇಳುವವನ ಮನೆಯಲ್ಲಿ ನಾನು ಬಚ್ಚಿಟ್ಟಿದ್ದೆ. ಐವತ್ತು ವರ್ಷ ಈ ಸರಳ ಮಾತು ನನಗೆ ಹೊಳೆದಿರಲಿಲ್ಲ. ಊರ ಮಕ್ಕಳಿಗೆಲ್ಲ ಸಾಲಿನ ಹಿಂದಿನ ಅರ್ಥ ತೆಗೆದು ಹೇಳಿಕೊಟ್ಟ ಟೀಚರು! ತಮ್ಮ ಅಂಚಿನ ಗಚ್ಚು ಒಡೆದು ಕಲ್ಲನ್ನು ಎತ್ತಿದ. ಕೆಳಗೆ ಒಂದು ಅಂಗೈಯಗಲದ ಗುಳಿಯನ್ನು ಉಳಿಯಿಂದ ಓರಣವಾಗಿ ಕೆತ್ತಲಾಗಿತ್ತು. ಅದರೊಳಗೆ ಅಪ್ಪನ ಹಳೆಯ ಧೋತರದ ತುಂಡಿನಲ್ಲಿ ಸುತ್ತಿ, ದಾರ ಕಟ್ಟಿದ ಸಣ್ಣ ಗಂಟು. ನಾನು ಹಾಳೆಗಳನ್ನು ಹಾಗೇ ತುರುಕಿದ್ದೆ. ಸುತ್ತಿದವನು ಅವನು. ಬಿಚ್ಚಿದೆ. ಕಂದುಬಣ್ಣಕ್ಕೆ ತಿರುಗಿದ ಎರಡು ಹಾಳೆ. ಮೊದಲು ಕೊನೆಯ ಪುಟವನ್ನೇ ತಿರುವಿದೆ. "ಹಿಂದಿರುಗಿ ನೋಡಲಿಲ್ಲ" ಎಂಬ ಆ ಸಾಲು ನನ್ನ ನೆನಪಿನಲ್ಲಿದ್ದ ಹಾಗೇ ಇತ್ತು. ಅದರ ಮೇಲೆ, ಹೂವಿನ ಚಿತ್ರವನ್ನೂ ಸೇರಿಸಿ, ಕೆಮ್ಮಣ್ಣಿನ ಬೆರಳಿನಲ್ಲಿ ಅಡ್ಡಡ್ಡ ಎರಡು ಗೆರೆ. ಕಾಟು.

ಎಷ್ಟು ಅತ್ತೆನೋ ಗೊತ್ತಿಲ್ಲ. ತಮ್ಮ ಗಾಬರಿಯಾಗಿ ನೀರು ತಂದುಕೊಟ್ಟ. ಅವನಿಗೆ ಅದೆಲ್ಲ ಏನು ಅರ್ಥವಾಗಬೇಕು, ಆ ಶ್ರಾವಣದಲ್ಲಿ ಅವನು ಹುಟ್ಟೇ ಇರಲಿಲ್ಲ. ಯಾವತ್ತು ಸಿಕ್ಕಿತೋ ಅಪ್ಪನಿಗೆ? ದಂಡೋತಿಗೆ ಹೋಗುವ ಮೊದಲೋ, ಆಮೇಲೋ? ಗೊತ್ತಿದ್ದೂ ಅಷ್ಟು ಶ್ರಾವಣ ನೇಕಾರನನ್ನು ದಂಡೆಯ ಮೇಲೆ ನಿಲ್ಲಿಸಿ, ನನ್ನ ಸುಳ್ಳು ಕೊನೆಗಳನ್ನು ತಲೆ ಓರೆಮಾಡಿ ಕೇಳುತ್ತ ಕುಳಿತಿದ್ದನಲ್ಲ! ನಾನು ಅವನನ್ನು ಕಟ್ಟಿಹಾಕಿರಲಿಲ್ಲ. ಬಾಗಿಲು ತೆರೆದೇ ಇತ್ತು, ಅವನು ಹೋಗಲಿಲ್ಲ.

ಮುಖ ತೊಳೆದುಕೊಂಡು ಹಾಳೆಗಳನ್ನು ಅವ್ವನ ಬಳಿ ಒಯ್ದೆ. ಹತ್ತಿರ ಕುಳಿತು ಎಲ್ಲವನ್ನೂ ಹೇಳಿದೆ, ಹರಿದದ್ದು, ಬಚ್ಚಿಟ್ಟದ್ದು, ಅಪ್ಪ ಸುತ್ತಿಟ್ಟದ್ದು. ಅವಳು ಕಾಟಿನ ಮೇಲೆ ಬೆರಳಾಡಿಸುತ್ತ ಕೇಳಿದಳು. ಎಷ್ಟು ತಿಳಿಯಿತೋ, ಮುಖದಿಂದ ಗೊತ್ತಾಗಲಿಲ್ಲ.

"ಅವ್ವಾ, ಕಡಿ ಹಾಳಿ ಸಿಕ್ಕಾವ. ಈಗರ ಓದಿ ಮುಗಸ್ಲೇನು? ನಾ ಓದ್ತೀನಿ, ನೀ ಮಂಗಲ ಹಾಡು."

ಅವ್ವ ಸಟ್ಟನೆ ನನ್ನ ಬಾಯಿಯ ಮೇಲೆ ಕೈಯಿಟ್ಟಳು. ಆ ಒಣಗಿದ ಕೈಗೆ ಅಷ್ಟು ಬಲ ಎಲ್ಲಿಂದ ಬಂತೋ. ಮನೆಯೊಳಗೆ ಒಮ್ಮೆ ಇಣುಕಿ ನೋಡಿ, ಯಾರೂ ಕೇಳಿಸಿಕೊಳ್ಳಬಾರದೆಂಬಂತೆ ದನಿ ತಗ್ಗಿಸಿ ಅಂದಳು:

"ಹುಚ್ಚಿ, ಓದಬ್ಯಾಡ. ಮಂಗಲ ಆತಂದ್ರ ನಿಮ್ಮಪ್ಪ ಎದ್ದು ಹೋಗ್ತಾನ."

ನಾನು ಹಾಳೆಗಳನ್ನು ಮಡಚಿದೆ. ಧೋತರದ ತುಂಡಿನಲ್ಲಿ ಸುತ್ತಿ, ಅದೇ ದಾರದಿಂದ ಕಟ್ಟಿದೆ. ಅಡುಗೆಮನೆಗೆ ಹೋಗಿ ಗಂಟನ್ನು ಗುಳಿಯಲ್ಲಿಟ್ಟು, ಆ ಮೂಲೆಯ ಒಂದು ಕಲ್ಲನ್ನು ಬಿಟ್ಟು ಮಿಕ್ಕಲ್ಲೆಲ್ಲ ಟೈಲ್ಸ್ ಹಾಕಿಸಿಕೋ ಎಂದು ತಮ್ಮನಿಗೆ ಹೇಳಿ, ಗಚ್ಚು ಕಲಿಸಲು ಸುಣ್ಣ ತರಿಸಿದೆ.